ಕೈ ಕೊಟ್ಟ ಕೈ-ಸ್ಕ್ವೇರ್

ಹೋದ ಸೆಮ್‌ನ ಮಿನಿ ಪ್ರಾಜೆಕ್ಟ್‌ನಲ್ಲಿ ನಮ್ಮ ಟೀಮ್ ಒಂದು ಸ್ಲೈಡ್ ಹಾಕಿತ್ತು: ಕನ್ನಡ ಮೀಡಿಯಂನಲ್ಲಿ ಓದಿದ್ದಕ್ಕೂ ಬ್ಯಾಕ್‌ಲಾಗ್‌ಗೂ ಸಂಬಂಧ ಇದೆ, ಪಿ-ವ್ಯಾಲ್ಯೂ 0.05ಕ್ಕಿಂತ ಕಡಿಮೆ. ಕ್ಲಾಸ್ ಪೂರ್ತಿ ತಲೆ ಆಡಿಸಿತು. ಸ್ಲೈಡ್ ಟೈಪ್ ಮಾಡಿದ್ದು ನಾನೇ. ಬಸವನಗುಡಿಯವನು, ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡ ಮೀಡಿಯಂನಿಂದ ಬಂದ ನನ್ನ ಲ್ಯಾಬ್ ಪಾರ್ಟ್ನರ್ ಮಾತ್ರ ಅವತ್ತು ಊಟಕ್ಕೆ ನಮ್ಮ ಜೊತೆ ಬರಲಿಲ್ಲ.

ಆ ಸ್ಲೈಡ್ ತಪ್ಪು. ಯಾಕೆ ಅಂತ ಹೇಳ್ತೀನಿ.

ಯಾರ ಗುರುತೂ ಸಿಗಬಾರದು ಅಂತ ಅಂಕಿ ಬದಲಿಸಿದ್ದೀನಿ, ಆದ್ರೆ ಲೆಕ್ಕ ನೀವೇ ಮಾಡಿ ನೋಡಬಹುದು. ಒಟ್ಟು 24 ಜನ. ಕನ್ನಡ ಮೀಡಿಯಂನವರು 5, ಅವರಲ್ಲಿ 3 ಜನಕ್ಕೆ ಬ್ಯಾಕ್‌ಲಾಗ್. ಉಳಿದ 19ರಲ್ಲೂ 3. ಕ್ಲಾಸಲ್ಲಿ ಕಲಿತ ಕೈ-ಸ್ಕ್ವೇರ್ ಸೂತ್ರಕ್ಕೆ ಹಾಕಿದ್ರೆ 4.13 ಬರುತ್ತೆ, ಪಿ 0.042. ಖುಷಿಯೋ ಖುಷಿ. ಆದ್ರೆ ಆ ಸೂತ್ರ ಒಂದು ಅಂದಾಜು. ಪ್ರತಿ ಮನೆಯಲ್ಲೂ ನಿರೀಕ್ಷಿತ ಸಂಖ್ಯೆ ಕನಿಷ್ಠ 5 ಇರಲಿ ಅಂತ ನೋಟ್ಸಲ್ಲೇ ಬರೆದಿರುತ್ತೆ. ನಮ್ಮ ಒಂದು ಮನೆಯಲ್ಲಿ ಇದ್ದದ್ದು 1.25. ಆ ಸಾಲನ್ನ ಪರೀಕ್ಷೆಗೆ ಬಾಯಿಪಾಠ ಮಾಡಿದ್ವಿ, ಅಷ್ಟೇ.

ಇಂಥ ಬಡ ಟೇಬಲ್‌ಗೆ ಫಿಶರ್ ಎಕ್ಸಾಕ್ಟ್ ಟೆಸ್ಟ್ ಇದೆ. ಇದೇ ಫಿಶರ್ ಹತ್ತಿರ ಕೇಂಬ್ರಿಡ್ಜ್‌ನಲ್ಲಿ ಪಿಎಚ್‌ಡಿ ಮಾಡಿದವರು ನಮ್ಮ ಹೂವಿನಹಡಗಲಿಯಲ್ಲಿ ಹುಟ್ಟಿದ ಸಿ. ಆರ್. ರಾವ್. ಫಿಶರ್ 1935ರ ಪುಸ್ತಕದಲ್ಲಿ ಕೊಟ್ಟ ಉದಾಹರಣೆ ಟೀದು: ಕಪ್‌ಗೆ ಮೊದಲು ಬಿದ್ದದ್ದು ಹಾಲೋ ಟೀಯೋ ಅಂತ ರುಚಿಯಲ್ಲೇ ಹೇಳ್ತೀನಿ ಅನ್ನೋ ಹೆಂಗಸು, ಎಂಟು ಕಪ್. ಚಾಮರಾಜಪೇಟೆಯ ನಮ್ಮಜ್ಜಿ ಡಿಕಾಕ್ಷನ್ ಬಗ್ಗೆ ಇದೇ ಮಾತು ಹೇಳ್ತಾರೆ. ಎಂಟು ಲೋಟದಲ್ಲಿ ನಾಲ್ಕನ್ನ ಆರಿಸೋಕೆ 70 ದಾರಿ, ಸುಮ್ಮನೆ ಊಹಿಸಿ ಎಲ್ಲಾ ಸರಿ ಬರೋ ಸಾಧ್ಯತೆ 70ರಲ್ಲಿ 1. "ಎಂಟು ಕುಡಿದ್ರೆ ನಿದ್ದೆ ಬರಲ್ಲ ಕಣೋ, ನಾಲ್ಕು ಸಾಕು" ಅಂದ್ರು. ನಾಲ್ಕೇ ಆದ್ರೆ ಎಲ್ಲಾ ಸರಿ ಹೇಳಿದ್ರೂ 6ರಲ್ಲಿ 1. ಪಾಪ, ಅಜ್ಜಿ ಎಷ್ಟೇ ಜಾಣೆ ಆದ್ರೂ ಗೆಲ್ಲೋಕಾಗಲ್ಲ.

ನಮ್ಮ ಟೇಬಲ್‌ಗೂ ಪಿಯುಸಿಯ ಎನ್‌ಸಿಆರ್ ಸಾಕು. 24 ಜನರಲ್ಲಿ ಬ್ಯಾಕ್‌ಲಾಗ್‌ನ 6 ಜನರನ್ನ ಆರಿಸೋಕೆ 1,34,596 ದಾರಿ. ಅದರಲ್ಲಿ ಕನ್ನಡ ಮೀಡಿಯಂನವರು ಮೂರೋ ಹೆಚ್ಚೋ ಬರೋದು 10,564 ಸಲ. ಅಂದ್ರೆ 0.078. ನಮ್ಮ ಸ್ಲೈಡ್ ಅಲ್ಲಿಗೇ ಬಿತ್ತು.

ಫಿಶರ್ ಟೆಸ್ಟ್ ತುಂಬಾ ಬಿಗಿ ಅಂತ ಒಬ್ಬ ಸೀನಿಯರ್ ವಾದಿಸಿದ್ರು. ಅಜ್ಜಿಗೆ ನಾಲ್ಕು-ನಾಲ್ಕು ಅಂತ ಮೊದಲೇ ಗೊತ್ತು; ಆರೇ ಜನಕ್ಕೆ ಬ್ಯಾಕ್‌ಲಾಗ್ ಬರಲಿ ಅಂತ ನಮ್ಮ ಕ್ಲಾಸಲ್ಲಿ ಯಾರೂ ನಿಗದಿ ಮಾಡಿರಲಿಲ್ಲ. ನ್ಯಾಯವಾದ ತಕರಾರು. 1945ರಲ್ಲೇ ಬರ್ನಾರ್ಡ್ ಇದಕ್ಕೆ ಬೇರೆ ಟೆಸ್ಟ್ ಸೂಚಿಸಿದ್ರು. ಆದ್ರೆ ಆ ಮೂವರಲ್ಲಿ ಒಬ್ಬ ಮುಂದಿನ ತಿಂಗಳು ಪೇಪರ್ ಪಾಸ್ ಮಾಡಿಕೊಂಡ ಅಂತಿಟ್ಕೊಳ್ಳಿ. ಕೈ-ಸ್ಕ್ವೇರ್‌ನ ಪಿ ಕೂಡ 0.24ಕ್ಕೆ ಹಾರುತ್ತೆ. ಒಬ್ಬನ ಒಂದು ಪೇಪರ್ ಮೇಲೆ ನಿಂತ ತೀರ್ಮಾನಕ್ಕೆ "ಕನ್ನಡ ಮೀಡಿಯಂ" ಅಂತ ಹೆಸರಿಡೋ ಹಕ್ಕು ನಮಗೆ ಯಾರು ಕೊಟ್ರು?

ಹಾಗಂತ ವ್ಯತ್ಯಾಸವೇ ಇಲ್ಲ ಅಂತ 0.078 ಹೇಳ್ತಿಲ್ಲ. ಮೊದಲ ಸೆಮ್‌ನಲ್ಲಿ ಇಂಗ್ಲಿಷ್ ಪಾಠ ಅರ್ಥವಾಗದೆ ಒದ್ದಾಡೋರು ಇದ್ದಾರೆ, ಅದನ್ನ ಮುಚ್ಚಿಡೋದೂ ಅಷ್ಟೇ ತಪ್ಪು. ಅದಕ್ಕೆ ಎಲ್ಲಾ ಸೆಕ್ಷನ್‌ಗಳ ಡೇಟಾ ಬೇಕು. ಐದೇ ಜನ ಇದ್ದಾಗ ಟೆಸ್ಟ್ ಯಾಕೆ, ಗಾಂಧಿ ಬಜಾರಲ್ಲಿ ಒಂದು ಟೇಬಲ್ ಹಿಡಿದು ಕೇಳಬಹುದಿತ್ತು.

ಲ್ಯಾಬ್ ಪಾರ್ಟ್ನರ್‌ನ ಕೇಳಿದೆ, ತಡವಾಗಿ. ಅವನಿಗೆ ಬ್ಯಾಕ್‌ಲಾಗೇ ಇರಲಿಲ್ಲ.