ಆ 3 ಲಕ್ಷ ಯಾವ ಕೇರಿಗೆ ಬಂತು ಸ್ವಾಮಿ?



ಕರ್ನಾಟಕದ ತಲಾ ಆದಾಯ ವರ್ಷಕ್ಕೆ 3 ಲಕ್ಷ ದಾಟಿದೆಯಂತೆ. ಅಂದ್ರೆ ನಾಲ್ಕು ಜನರ ಮನೆಗೆ 12 ಲಕ್ಷ! ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಯಾವ ಕೇರಿಯ ಯಾವ ಮನೆಗೆ ಬಂದಿದೆ, ತೋರ್ಸಿ.

ನಾನು ಗುಮಾಸ್ತ, ಸರಾಸರಿ ಲೆಕ್ಕ ನನಗೂ ಬರುತ್ತೆ. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಬೆಂಗಳೂರು ನಗರ ಜಿಲ್ಲೆಯೊಂದರದ್ದೇ. 2011ರ ಜನಗಣತಿಯಲ್ಲಿ ರಾಜ್ಯದ ದುಡಿಯುವವರಲ್ಲಿ ಶೇ 49ರಷ್ಟು ಜನ ರೈತರು, ಕೃಷಿ ಕೂಲಿಗಳು. ಕೃಷಿಯ ಪಾಲು ಮಾತ್ರ ಶೇ 15ರ ಆಸುಪಾಸು.

ಇನ್ನು ನಮ್ಮ ತಾಲ್ಲೂಕುಗಳ ಒಳಗಿನ ಲೆಕ್ಕ. ಹೊಗೆಸೊಪ್ಪು ನಮ್ಮ ಕಡೆಯ ದುಡ್ಡಿನ ಬೆಳೆ. ತಂಬಾಕು ಮಂಡಳಿಯ ಲೈಸೆನ್ಸ್ ಬ್ಯಾರನ್ ಇದ್ದೋರಿಗೆ. ಬೆಲೆ ಕುಸಿದ್ರೆ ಹರಾಜು ಮಾರುಕಟ್ಟೆ ಮುಂದೆ ಧರಣಿ ಆಗುತ್ತೆ, ಆಗಲಿ. ಸೊಪ್ಪು ಮುರಿದು ಕಡ್ಡಿಗೆ ಕಟ್ಟೋ ಹೆಣ್ಣಾಳಿನ ಕೂಲಿಗಾಗಿ ಯಾರು ಧರಣಿ ಕೂತ್ರು? ಕೆ.ಆರ್. ನಗರದ ಗದ್ದೇಲಿ ನಾಟಿ ಹಾಕೋರು ಯಾರು, ಪಹಣಿ ಯಾರ ಹೆಸರಲ್ಲಿದೆ? ಊರಲ್ಲಿ ಕೆಲಸ ಮುಗಿದ್ರೆ ಕೇರಿಯವರು ಜೀಪು ಹತ್ತಿ ಕೊಡಗಿನ ಕಾಫಿ ತೋಟಕ್ಕೆ. ನಾಗರಹೊಳೆ ಕಾಡಿಂದ ಹೊರದಬ್ಬಿಸಿಕೊಂಡ ಜೇನುಕುರುಬರೂ ಅದೇ ಜೀಪಲ್ಲಿ.

2002ರಲ್ಲಿ ನಂಜುಂಡಪ್ಪ ಸಮಿತಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಅಂತು. ಹಿಂದುಳಿದ ತಾಲ್ಲೂಕಿನಲ್ಲೂ ಬ್ಯಾರನ್ ಇರೋ ಮನೆ, ಜೀಪು ಹತ್ತೋ ಮನೆ ಒಂದೇನಾ? ತಾಲ್ಲೂಕಿನ ಸರಾಸರಿಯೂ ನಮ್ಮನ್ನ ಮುಚ್ಚಿಡುತ್ತೆ.

ಎಣಿಸೋದಾದ್ರೆ ಜಾತಿವಾರು ಭೂಮಿ ಎಣಿಸಿ, ಕೂಲಿ ಎಣಿಸಿ, ಗುಳೆ ಹೋದವರನ್ನ ಎಣಿಸಿ. ಅನುದಾನವನ್ನ ಅದೇ ಲೆಕ್ಕದಲ್ಲಿ ಕೇರಿಗೆ ಕೊಡಿ. ಅಲ್ಲೀವರೆಗೂ ಆ 3 ಲಕ್ಷದ ಜಂಬ ನಮ್ಮ ಮುಂದೆ ಕೊಚ್ಚಬೇಡಿ.

ಜೈ ಭೀಮ್.