ಚರ್ಮದ ಡಾಕ್ಟರು ಕೇಳದ ಪ್ರಶ್ನೆ

ತುಮಕೂರಿನ ಅಂತರಸನಹಳ್ಳಿಯ ತರಕಾರಿ ಮಾರುಕಟ್ಟೆಯಲ್ಲಿ ವ್ಯಾಪಾರವೆಲ್ಲ ಕೈಯಿಂದ ಕೈಗೇ ನಡೆಯುವುದು. ಆ ಕೈ ಮೇಲೆ ಬಿಳಿ ಮಚ್ಚೆಯೋ, ಹೊಟ್ಟು ಉದುರುವ ಸೋರಿಯಾಸಿಸ್ಸೋ ಇದ್ದರೆ ಗಿರಾಕಿ ಬಾಯಿಬಿಟ್ಟು ಏನೂ ಅನ್ನುವುದಿಲ್ಲ. ದುಡ್ಡನ್ನು ಕೈಗೆ ಕೊಡದೆ ಮೂಟೆಯ ಮೇಲಿಟ್ಟು ಹೋಗುತ್ತಾನೆ, ಅಷ್ಟೆ. ಬಿರುಬೇಸಿಗೆಯಲ್ಲೂ ಕೆಲವರು ತುಂಬುತೋಳಿನ ಅಂಗಿ ತೊಟ್ಟು ಕೂರುವುದು ಬಿಸಿಲಿಗೆ ಹೆದರಿ ಅಲ್ಲ.

ತೊನ್ನು ಅಂಟುವುದಿಲ್ಲ, ಸೋರಿಯಾಸಿಸ್ಸೂ ಅಂಟುವುದಿಲ್ಲ. ಇದು ಓದಿದವರಿಗೆಲ್ಲ ಗೊತ್ತು, ಹೆಣ್ಣು ನೋಡಲು ಹೋದಾಗ ಮಾತ್ರ ಮರೆತುಹೋಗುತ್ತದೆ. ಕಾನೂನಾದರೂ ಬೇಗ ಎಚ್ಚೆತ್ತಿತೇ? ಔಷಧದಿಂದ ಪೂರ್ತಿ ವಾಸಿಯಾಗುವ ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ.

ಹಳ್ಳಿಗಳ ರೈತರಿಗೆ ಇನ್ನೊಂದು ಕಾಟವಿದೆ, ಕಾಂಗ್ರೆಸ್ ಗಿಡದ್ದು. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಒಣಗಿದ ಗಿಡದ ಪುಡಿಯ ಜೊತೆ ಗಾಳಿಯಲ್ಲಿ ಬಂದು, ಅಲರ್ಜಿ ಇರುವವರ ಮುಖ, ಕತ್ತು, ಮೊಣಕೈ ಮಡಿಕೆಗಳನ್ನು ಹಿಡಿಯುತ್ತದೆ. ಕೆರೆದೂ ಕೆರೆದೂ ಚರ್ಮ ದಪ್ಪಗಾಗಿ ಕಪ್ಪಿಡುತ್ತದೆ. "ಗಿಡದ ಹತ್ತಿರ ಹೋಗಬೇಡಿ" ಎಂಬ ಸಲಹೆ ಸಿಗುತ್ತದೆ. ಬದುವಿನಲ್ಲೇ ಎದ್ದಿರುವ ಗಿಡದಿಂದ ದೂರವಿರಬೇಕೆಂದರೆ ಹೊಲವನ್ನೇ ಬಿಡಬೇಕು! ಇದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿಯನ್ನು ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ದುಂಬಿಯೂ ಉಳಿದಿದೆ, ಗಿಡವೂ ಉಳಿದಿದೆ.

ರಾತ್ರಿಯೆಲ್ಲ ತುರಿಕೆ, ನಿದ್ದೆಯಿಲ್ಲ. ಹಗಲೆಲ್ಲ ಸಿಡುಕು. ಮೊದಲು ನೆಂಟರ ಮದುವೆಗೆ ಹೋಗುವುದು ನಿಲ್ಲುತ್ತದೆ, ಆಮೇಲೆ ಊರ ಜಾತ್ರೆ, ಕೊನೆಗೆ ಕ್ಷೌರದಂಗಡಿ. "ಇವರಿಗೀಗ ಮೂಗಿನ ತುದಿಯಲ್ಲೇ ಕೋಪ" ಎನ್ನುತ್ತಾರೆ ಮನೆಯವರು. ಖಿನ್ನತೆ ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ನಾಚಿಕೆಗೆ ಎಷ್ಟೋ ಜನ ಡಾಕ್ಟರ ಬಳಿಗೇ ಹೋಗದೆ ಮೆಡಿಕಲ್ ಶಾಪಿನ ಸ್ಟೀರಾಯ್ಡ್ ಮುಲಾಮು ಹಚ್ಚಿಕೊಂಡು ಹುಳಕಡ್ಡಿಯನ್ನು ಮೈತುಂಬ ಹರಡಿಸಿಕೊಳ್ಳುತ್ತಾರೆ.

ಮನಸ್ಸಿನ ಡಾಕ್ಟರು ಸಿಗುವುದಿಲ್ಲ ಎನ್ನುವಂತಿಲ್ಲ. 2014ರಲ್ಲಿ ಶುರುವಾದ ಮನೋಚೈತನ್ಯ ಕಾರ್ಯಕ್ರಮದ ಉದ್ದೇಶವೇ ಮಂಗಳವಾರಗಳಂದು ಮನೋವೈದ್ಯರನ್ನು ತಾಲ್ಲೂಕು ಆಸ್ಪತ್ರೆಗೆ ಕರೆತರುವುದು. ಆದರೆ ತೊನ್ನಿನವನೆಂದು ಹೆಸರಾದವನು ಹುಚ್ಚನೆಂಬ ಎರಡನೆಯ ಹೆಸರನ್ನೂ ಹೊರಲು ತಾನಾಗಿ ಆ ಬಾಗಿಲಿಗೆ ಹೋಗುತ್ತಾನೆಯೇ? ಚರ್ಮದ ಡಾಕ್ಟರೇ ಕಳಿಸಬೇಕು. ಕಳಿಸುವ ಮೊದಲು ಕೇಳಬೇಕು: ನಿದ್ದೆ ಬರುತ್ತಾ? ಮದುವೆ-ಮುಂಜಿಗೆ ಹೋಗ್ತಿದ್ದೀರಾ? ಬದುಕು ಸಾಕು ಅನ್ನಿಸಿದೆಯಾ? ಇದು ಬರೀ ಕರುಣೆಯ ಮಾತಲ್ಲ. ಮನಸ್ಸಿನ ಒತ್ತಡ ಹೆಚ್ಚಿದರೆ ಸೋರಿಯಾಸಿಸ್ ಕೆರಳುತ್ತದೆ, ಆಗ ಮುಲಾಮು ಹಚ್ಚಿದಷ್ಟೂ ಸಾಲದು.

ಸಾಲು ಉದ್ದವಿದೆ, ಪುರುಸೊತ್ತಿಲ್ಲ ಎನ್ನುತ್ತಾರೆ ಡಾಕ್ಟರು. ಅದೂ ನಿಜವೇ. ಹಾಗಾದರೆ ಚೀಟಿಯಲ್ಲಿ ಮುಲಾಮಿನ ಹೆಸರಿನ ಕೆಳಗೆ 14416 ಎಂದಾದರೂ ಬರೆದುಕೊಡಲಿ. 2022ರಿಂದ ಇರುವ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು ಅದು. ಕರೆ ಉಚಿತ, ರಾತ್ರಿ ತುರಿಕೆಗೆ ಎದ್ದು ಕುಳಿತಾಗಲೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.