ಮಾತು ಉಳಿಸಿಕೊಂಡ ನಾಯಕ, ಮುಳುಗಿದ ದೇಶ

ರಾಜಕಾರಣಿಗಳು ಮಾತು ಕೊಟ್ಟು ಮರೆಯುತ್ತಾರೆ ಎಂದು ನಾವೆಲ್ಲ ದೂರುತ್ತೇವೆ. ಹಿಂದೆಮುಂದೆ ನೋಡದೆ ಮಾತು ಉಳಿಸಿಕೊಂಡರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಶ್ರೀಲಂಕಾ ನೋಡಬೇಕು. ನಾನು ಚೆನ್ನೈನಲ್ಲಿ ತೆರಿಗೆ ಲೆಕ್ಕಪತ್ರದ ಕೆಲಸ ಮಾಡುವವನು. 2022ರ ಮೇ ತಿಂಗಳಲ್ಲಿ ಇಲ್ಲಿನ ಬಂದರಿನಿಂದ ಅಕ್ಕಿ, ಹಾಲಿನ ಪುಡಿ, ಔಷಧಿ ತುಂಬಿದ ಹಡಗು ಆ ದೇಶಕ್ಕೆ ಹೊರಟಾಗ ನನಗೆ ನೆನಪಾದದ್ದು ಒಂದು ತೆರಿಗೆ ಕಡಿತ.

2019ರ ಈಸ್ಟರ್ ದಿನದ ಬಾಂಬ್ ದಾಳಿಯಲ್ಲಿ 250ಕ್ಕೂ ಹೆಚ್ಚು ಜನ ಸತ್ತರು. ಬೆದರಿದ ಜನರಿಗೆ ಗಟ್ಟಿ ಕೈಯ ಆಡಳಿತಗಾರ ಬೇಕಿತ್ತು. ಯುದ್ಧಕಾಲದಲ್ಲಿ ರಕ್ಷಣಾ ಕಾರ್ಯದರ್ಶಿಯಾಗಿದ್ದ ಗೋಟಬಯ ರಾಜಪಕ್ಸ ಅದೇ ನವೆಂಬರ್‌ನಲ್ಲಿ ಶೇ 52ರಷ್ಟು ಮತ ಪಡೆದು ಅಧ್ಯಕ್ಷರಾದರು. ತೆರಿಗೆ ಇಳಿಸುವ ಭರವಸೆಯನ್ನು ಕೆಲವೇ ವಾರಗಳಲ್ಲಿ ಈಡೇರಿಸಿದರು. ವ್ಯಾಟ್ ಶೇ 15ರಿಂದ ಶೇ 8ಕ್ಕೆ ಇಳಿಯಿತು. ವ್ಯಾಟ್ ನೋಂದಣಿಗೆ ಇದ್ದ ವಾರ್ಷಿಕ ವಹಿವಾಟಿನ ಮಿತಿ ಅಲ್ಲಿನ 1.2 ಕೋಟಿ ರೂಪಾಯಿಯಿಂದ 30 ಕೋಟಿಗೆ ಏರಿತು. ದರ ಇಳಿದರೆ ಆದಾಯ ಕಡಿಮೆಯಾಗುತ್ತದೆ, ಅಷ್ಟೇ. ಮಿತಿ 25 ಪಟ್ಟು ಏರಿದರೆ ತೆರಿಗೆ ಕಟ್ಟುವವರೇ ಪಟ್ಟಿಯಿಂದ ಮಾಯವಾಗುತ್ತಾರೆ. ಅವರನ್ನು ಮತ್ತೆ ಪಟ್ಟಿಗೆ ತರುವುದು ಎಷ್ಟು ಕಷ್ಟವೆಂದು ನಮ್ಮ ವೃತ್ತಿಯವರಿಗೆ ಗೊತ್ತು.

ಕೋವಿಡ್ ಬಂತು, ಪ್ರವಾಸೋದ್ಯಮ ನೆಲಕಚ್ಚಿತು, ಸಾಲ ಹಿಂದಿನವರ ಕಾಲದ್ದೂ ಇತ್ತು. ಎಲ್ಲವೂ ನಿಜ. ಆದರೆ ಖಜಾನೆಗೆ ತೂತು ಬಿದ್ದದ್ದು ಕೋವಿಡ್‌ಗೆ ಮೊದಲೇ.

ತಪ್ಪು ಯಾವ ಸರ್ಕಾರವೂ ಮಾಡುತ್ತದೆ. ತಡೆಯುವವರು ಇರಬೇಕು. 2020ರ ಆಗಸ್ಟ್‌ನಲ್ಲಿ ಅವರ ಪಕ್ಷ ಸಂಸತ್ತಿನ 225 ಸ್ಥಾನಗಳಲ್ಲಿ 145 ಗೆದ್ದಿತು. ಅಕ್ಟೋಬರ್‌ನಲ್ಲಿ ಬಂದ ಸಂವಿಧಾನದ 20ನೇ ತಿದ್ದುಪಡಿ, ಅಧ್ಯಕ್ಷರ ಅಧಿಕಾರಕ್ಕೆ 2015ರಲ್ಲಿ ಹಾಕಿದ್ದ ಕಡಿವಾಣವನ್ನು ಸಡಿಲಿಸಿತು. ಒಬ್ಬ ಅಣ್ಣ ಪ್ರಧಾನಿ, ಒಬ್ಬ ತಮ್ಮ ಮುಂದೆ ಹಣಕಾಸು ಸಚಿವ. ಬೇಡ ಎನ್ನುವವರು ಯಾರು ಉಳಿದರು?

ಸಾವಯವ ಕೃಷಿಗೆ ಬದಲಾಗಲು 10 ವರ್ಷ ಎಂದು ಚುನಾವಣೆಯಲ್ಲಿ ಹೇಳಿದ್ದರು. 2021ರ ಮೇನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ಒಮ್ಮೆಲೇ ನಿಷೇಧಿಸಿದರು. ಭತ್ತದ ಇಳುವರಿ ಕುಸಿಯಿತು, ಚಹಾ ತೋಟಗಳಿಗೂ ಪೆಟ್ಟು ಬಿತ್ತು. ನವೆಂಬರ್‌ನಲ್ಲಿ ಹಿಂದೆ ಸರಿಯುವ ಹೊತ್ತಿಗೆ ಆ ಹಂಗಾಮು ಕೈತಪ್ಪಿತ್ತು. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದು ಎಂದು ದೇಶ ಕೈಚೆಲ್ಲಿತು. ಜುಲೈನಲ್ಲಿ ಜನ ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು. ಅವರು ದೇಶ ಬಿಟ್ಟು ಹೋಗಿ ಸಿಂಗಪುರದಿಂದ ರಾಜೀನಾಮೆ ಕಳಿಸಿದರು.

ನಾಯಕ ಹೋದರೂ ಬಾಕಿ ಜನರ ತಲೆಯ ಮೇಲೆಯೇ ಉಳಿಯಿತು. 2024ರ ಜನವರಿಯಿಂದ ಅಲ್ಲಿ ವ್ಯಾಟ್ ಶೇ 18. ಕಡಿತಕ್ಕೆ ಮೊದಲಿದ್ದುದಕ್ಕಿಂತ ಹೆಚ್ಚು. ಆ ಕಡಿತದಿಂದ ಹೆಚ್ಚು ಉಳಿಸಿಕೊಂಡದ್ದು ದೊಡ್ಡ ವಹಿವಾಟಿನವರು. ಈಗ ಕಟ್ಟುತ್ತಿರುವವರಲ್ಲಿ ಗೂಡಂಗಡಿಯಲ್ಲಿ ಸೋಪು ಕೊಳ್ಳುವವರೂ ಇದ್ದಾರೆ.

ಅಲ್ಲಿನ ಮತದಾರರನ್ನು ದಡ್ಡರೆನ್ನಲು ನನಗೆ ಮನಸ್ಸಿಲ್ಲ. ಭಯದಲ್ಲಿದ್ದವರು ಧೈರ್ಯ ಹೇಳಿದವನ ಕೈ ಹಿಡಿದರು. ನಾವಾದರೂ ಅದನ್ನೇ ಮಾಡುತ್ತಿದ್ದೆವು. ಆದರೆ ಮತ ಕೇಳಲು ಬಂದವರು ಏನು ಕೊಡುತ್ತಾರೆ ಎಂದಷ್ಟೇ ಕೇಳಿದರೆ ಸಾಲದು. ಅದಕ್ಕೆ ಹಣ ಎಲ್ಲಿಂದ, ನೀವು ಎಡವಿದರೆ ನಿಮ್ಮನ್ನು ತಡೆಯುವವರು ಯಾರು ಎಂದೂ ಕೇಳಬೇಕು. ಎರಡನೆಯ ಪ್ರಶ್ನೆಗೆ ಸಿಡುಕುವ ಅಭ್ಯರ್ಥಿಗೆ ಯಾವ ದೇಶದ ಮತದಾರನೂ ಖಜಾನೆಯ ಬೀಗದ ಕೈ ಕೊಡಬಾರದು.